ಅಪ್ಪನಿಗೆ ಮಾತಾಡುವವರಿಲ್ಲ, ಸಂಘದ ಕಪಾಟಿಗೆ ಬೀಗ

ಗದಗದ ಮಗಳು, ಥಾಣೆ · ಭಾನುವಾರ ರಾತ್ರಿ

ಮುಂಬೈ, ಪುಣೆ, ಗೋವಾದ ಕನ್ನಡದವರು ಇಲ್ಲಿ ತುಂಬ ಜನ ಇದ್ದೀರಿ ಅಂತ ಬರೀತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ.

ಅಮ್ಮ ಹೋಗಿ ಎರಡು ವರ್ಷ. ಅಪ್ಪನಿಗೆ 74. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಗದಗದ ಮನೆಗೆ ಬೀಗ ಹಾಕಿ ಅವರನ್ನ ನಮ್ಮ ಜೊತೆ ಕರ್ಕೊಂಡು ಬಂದ್ವಿ. ಹದಿನಾಲ್ಕನೇ ಮಹಡಿ. ನಾನೂ ನಮ್ಮ ಮನೆಯವರೂ ಬೆಳಿಗ್ಗೆ ಎಂಟರ ಲೋಕಲ್ ಹಿಡಿದರೆ ಮನೆ ಸೇರೋದು ರಾತ್ರಿ ಎಂಟಕ್ಕೆ. ಮಗಳಿಗೆ ಶಾಲೆ, ಟ್ಯೂಷನ್. ಅಪ್ಪನಿಗೆ ಊಟ, ಮಾತ್ರೆ, ಟಿವಿ ಯಾವುದಕ್ಕೂ ಕೊರತೆ ಇಲ್ಲ. ಮಾತಿಗೆ ಜನ ಇಲ್ಲ. ಹಿಂದಿ ಅಷ್ಟಕ್ಕಷ್ಟೆ. ಯಾರದಾದರೂ ಪಾರ್ಸೆಲ್ ಬಂದರೆ ತಾವೇ ಕೆಳಗೆ ಇಳಿದು ಹೋಗ್ತಾರೆ, ವಾಚ್‌ಮನ್ ಹತ್ತಿರ ಎರಡು ನಿಮಿಷ ನಿಂತು ನಕ್ಕು ಬರೋದಕ್ಕೆ.

ಕಳೆದ ತಿಂಗಳು ಊರಿಂದ ಬಂದ ಅತ್ತಿಗೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ತಂದಿದ್ದರು. ಡಬ್ಬಿಗೆ ತುಂಬಿ, ಸುತ್ತಿದ್ದ ಪೇಪರನ್ನ ಕಸದ ಬುಟ್ಟಿಗೆ ಹಾಕಿದ್ದೆ. ರಾತ್ರಿ ನೀರು ಕುಡಿಯೋಕೆ ಎದ್ದರೆ ಅಡುಗೆಮನೆಯಲ್ಲಿ ದೀಪ. ಅಪ್ಪ ಆ ಪೇಪರನ್ನ ಕಟ್ಟೆಯ ಮೇಲೆ ಹರವಿ, ಅಂಗೈಯಿಂದ ಸುಕ್ಕು ತೀಡಿ, ಎಣ್ಣೆ ಜಿಡ್ಡಿನ ಮೇಲೂ ಬೆರಳಿಟ್ಟು ಓದ್ತಿದ್ದರು. ಮೂರು ವಾರದ ಹಿಂದಿನ ಪೇಪರು. ಬ್ಯಾಡಗಿ ಮೆಣಸಿನಕಾಯಿ ದರ. ನನಗೆ ನಿಂತಲ್ಲೇ ಗಂಟಲು ಕಟ್ಟಿತು.

ಮರುವಾರವೇ ಹತ್ತಿರದ ಒಂದು ಕನ್ನಡ ಸಂಘಕ್ಕೆ ಕರ್ಕೊಂಡು ಹೋದೆ (ಹೆಸರು ಬೇಡ, ಅಲ್ಲಿಯವರೂ ಒಳ್ಳೆಯವರೇ). ಗ್ರಂಥಾಲಯ ಅಂತ ಬೋರ್ಡ್ ಇದೆ. ಒಳಗೆ ಗಾಜಿನ ಬಾಗಿಲಿನ ಎಂಟು ಕಪಾಟು, ಎಂಟಕ್ಕೂ ಬೀಗ. ಕೀಲಿ ಇರುವವರು ಊರಲ್ಲಿರಲಿಲ್ಲ. ಪ್ಲಾಸ್ಟಿಕ್ ಕುರ್ಚಿಗಳನ್ನ ಒಂದರ ಮೇಲೊಂದು ಪೇರಿಸಿ ಹಗ್ಗ ಬಿಗಿದಿದ್ದರು. ಅಪ್ಪ ಕುತ್ತಿಗೆ ಓರೆ ಮಾಡಿಕೊಂಡು ಕಪಾಟಿಂದ ಕಪಾಟಿಗೆ ಸರಿದು ಪುಸ್ತಕದ ಬೆನ್ನಿನ ಮೇಲಿನ ಹೆಸರುಗಳನ್ನ ಗಟ್ಟಿಯಾಗಿ ಓದಿದರು. ಗಾಜಿನ ಮೇಲೆ ಅವರ ಉಸಿರು ಮಬ್ಬಾಗಿ ಕೂತಿತ್ತು. ಅರ್ಧ ಗಂಟೆ ಹಾಗೇ ನಿಂತಿದ್ದು, "ನಡಿಯವ್ವಾ" ಅಂದರು.

ಇಲ್ಲೇ ಥಾಣೆಯಲ್ಲಿ 1893ರಿಂದ ನಡೀತಿರುವ ಮರಾಠಿ ಗ್ರಂಥ ಸಂಗ್ರಹಾಲಯ ಇದೆ. ಅಲ್ಲಿಗೂ ಒಂದು ದಿನ ಹೋದ್ವಿ. ಅಪ್ಪ ಮರಾಠಿ ಓದೋದು ಅಕ್ಷರ ಕೂಡಿಸಿ ಕೂಡಿಸಿ. ಆದರೂ ಒಂದು ಗಂಟೆ ಕೂತರು. ಬರುವಾಗ ಹೇಳಿದ್ದು ಒಂದೇ ಮಾತು: "ಯಾಕ ಬಂದೀರಿ ಅಂತ ಯಾರೂ ಕೇಳಲಿಲ್ಲ ನೋಡು." ಇಂಥ ಜಾಗ ಕನ್ನಡದಲ್ಲೂ ಸಿಕ್ಕರೆ ಅವರು ಬದುಕಿಕೊಳ್ತಾರೆ ಅನ್ನಿಸುತ್ತೆ. ನಿಮ್ಮ ಕಡೆ ಯಾರಾದರೂ ನಡೆಸ್ತಿದ್ದೀರಾ? ಹೇಗೆ?

ಮಾಟುಂಗಾ ಹಳಬ · ಭಾನುವಾರ ರಾತ್ರಿ

ತಂಗಿ, ನಿಮ್ಮ ಅಪ್ಪ ಹೇಳಿದ ಮಾತು ನನಗೆ 55 ವರ್ಷದ ಹಿಂದಿನ ಬಾಗಿಲು ತೆರೆದ ಹಾಗಾಯಿತು.

ನಾನು ಕುಂದಾಪುರದ ಕಡೆಯವ. 13ನೇ ವಯಸ್ಸಿನಲ್ಲಿ ಮುಂಬೈಗೆ ಬಂದು ಹೋಟೆಲಿಗೆ ಸೇರಿದ್ದು. ಮೊದಲು ಕಪ್ಪು ಬಸಿ ತೊಳೆಯುವುದು, ಆಮೇಲೆ ಟೇಬಲು ಒರೆಸುವುದು. ರಾತ್ರಿ ಬಾಗಿಲು ಹಾಕಿದ ಮೇಲೆ ಅದೇ ಟೇಬಲುಗಳನ್ನು ಜೋಡಿಸಿ ಮಲಗುವುದು. ಕನ್ನಡ ರಾತ್ರಿ ಶಾಲೆಗಳು ಇದ್ದವಲ್ಲ, ನಮ್ಮಂಥ ಸಾವಿರಾರು ಹುಡುಗರು ಅಲ್ಲೇ ಎಸ್‌ಎಸ್‌ಸಿ ಮಾಡಿದ್ದು. ನಮ್ಮ ಶಾಲೆಗೆ ತಾಗಿ ಒಂದು ವಾಚನಾಲಯ ಇತ್ತು. ಒಂದು ಫ್ಯಾನು, ಎರಡು ಉದ್ದದ ಮೇಜು, ಹತ್ತು ಹನ್ನೆರಡು ಕುರ್ಚಿ. ಶಾಲೆ ಇಲ್ಲದ ದಿನವೂ ನಾನು ಅಲ್ಲಿಗೇ ಹೋಗುತ್ತಿದ್ದೆ. ಓದುವ ಆಸೆ ಆಮೇಲೆ ಹುಟ್ಟಿದ್ದು. ಮೊದಲಿಗೆ ಹೋದದ್ದು ಕೂರುವುದಕ್ಕೆ. ಹೋಟೆಲಿನಲ್ಲಿ ದಿನಕ್ಕೆ ಇನ್ನೂರು ಸಲ ಕುರ್ಚಿ ಒರೆಸುತ್ತಿದ್ದ ಹುಡುಗ ನಾನು, ಆ ಕುರ್ಚಿಯಲ್ಲಿ ಒಂದು ದಿನ ಕೂತವನಲ್ಲ. ಮುಂಬೈಯಲ್ಲಿ ನಾನು ಕೂತ ಮೊದಲ ಕುರ್ಚಿ ಆ ವಾಚನಾಲಯದ್ದು.

ನೋಡಿಕೊಳ್ಳುತ್ತಿದ್ದ ಮಾಸ್ತರು ಹೆಚ್ಚು ಮಾತಿನವರಲ್ಲ. ಒಮ್ಮೆ ನನಗೆ ಜ್ವರ ಬಂದು ಎಂಟು ದಿನ ಹೋಗಲಿಲ್ಲ. ಒಂಬತ್ತನೇ ದಿನ ಅವರು ಹೋಟೆಲಿನ ಹಿಂಬಾಗಿಲಿಗೆ ಬಂದು, ಗಲ್ಲಾದಲ್ಲಿದ್ದ ಧಣಿಯನ್ನೇ ಕೇಳಿದರಂತೆ, "ಆ ಹುಡುಗ ಕಾಣಲಿಲ್ಲವಲ್ಲ" ಎಂದು. ಇಷ್ಟು ದೊಡ್ಡ ಊರಿನಲ್ಲಿ ನಾನಿಲ್ಲ ಎಂಬುದು ಒಬ್ಬರಿಗೆ ಗೊತ್ತಾಯಿತು! ಅದರ ಬೆಲೆ ನಾನು ಹೇಳಲಾರೆ.

ಈಗ ಮಾಟುಂಗಾದಲ್ಲಿ 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಇದೆ, ಮಾಹಿಮಿನಲ್ಲಿ ಕರ್ನಾಟಕ ಸಂಘ ಇದೆ, ನಾಟಕ, ಉಪನ್ಯಾಸ ಎಲ್ಲ ಆಗುತ್ತವೆ. ಹೋಗುತ್ತೇನೆ, ಖುಷಿಯಾಗುತ್ತದೆ. ಆದರೆ ಕಾರ್ಯಕ್ರಮ ಮುಗಿದರೆ ಎದ್ದು ಮನೆಗೆ. ಕಾರ್ಯಕ್ರಮವಿಲ್ಲದ ಮಂಗಳವಾರ ಮಧ್ಯಾಹ್ನಕ್ಕೆ ಒಂದು ಕುರ್ಚಿ ಬೇಕಲ್ಲ, ನಿಮ್ಮ ಅಪ್ಪನವರು ಹುಡುಕುತ್ತಿರುವುದು ಅದನ್ನು.

ಹಿಂಜವಡಿ ಪೀಜಿ · ಸೋಮವಾರ ಬೆಳಿಗ್ಗೆ

ನನಗೆ 24. ಶಿವಮೊಗ್ಗದಿಂದ ಪುಣೆಗೆ ಬಂದು ಒಂದೂವರೆ ವರ್ಷ. ಇದು ಬರೀ ವಯಸ್ಸಾದವರ ಕಷ್ಟ ಅಂದ್ಕೋಬೇಡಿ ಅಂತ ಹೇಳೋಕೆ ಬಂದೆ.

ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2025ರ ಜೂನ್‌ನಲ್ಲಿ ಕೊಟ್ಟ ವರದಿ ಪ್ರಕಾರ ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರನ್ನ ಒಂಟಿತನ ಕಾಡ್ತಿದೆ. 13ರಿಂದ 29 ವಯಸ್ಸಿನವರಲ್ಲಿ 17ರಿಂದ 21 ಶೇಕಡಾ. ವರ್ಷಕ್ಕೆ 8 ಲಕ್ಷ 71 ಸಾವಿರ ಸಾವುಗಳಿಗೆ ಇದರ ನಂಟಿದೆ ಅಂತಾರೆ. ವರದಿ ಬಂದಾಗ ಆ ಆಯೋಗದ ಇಬ್ಬರು ಅಧ್ಯಕ್ಷರಲ್ಲಿ ಒಬ್ಬರಾಗಿದ್ದವರು ಡಾ. ವಿವೇಕ್ ಮೂರ್ತಿ, ನಮ್ಮ ಮಂಡ್ಯದ ಹಳ್ಳೆಗೆರೆ ಮೂಲದವರು. ಪಾರ್ಕು, ಗ್ರಂಥಾಲಯದಂಥ ಜನ ಸೇರೋ ಜಾಗಗಳನ್ನ ಗಟ್ಟಿ ಮಾಡಿ ಅಂತ ಆ ವರದಿಯಲ್ಲೇ ಇದೆ. ಓದಿದಾಗ, ಹಾಗಾದ್ರೆ ನನಗೊಬ್ಬಳಿಗೇ ಏನೋ ಆಗಿಲ್ಲ ಅಂತ ಸ್ವಲ್ಪ ಸಮಾಧಾನ ಆಯ್ತು.

ಆದರೆ ಮೇಜು ಕುರ್ಚಿ ಹಾಕಿದ ಮಾತ್ರಕ್ಕೆ ಒಂಟಿತನ ಹೋಗಲ್ಲ. ಪುಣೆಯ ಸದಾಶಿವ ಪೇಟೆಯಲ್ಲಿ 'ಅಭ್ಯಾಸಿಕಾ'ಗಳು ಇವೆಯಲ್ಲ, ಎಂಪಿಎಸ್‌ಸಿ, ಯುಪಿಎಸ್‌ಸಿಯಂಥ ಸರ್ಕಾರಿ ಕೆಲಸದ ಪರೀಕ್ಷೆಗೆ ಓದೋರು ತಿಂಗಳಿಗೆ ದುಡ್ಡು ಕಟ್ಟಿ ಕೂರೋ ಜಾಗ. ಗೆಳತಿ ಜೊತೆ ಹೋಗಿ ಒಂದು ತಿಂಗಳು ಕೂತೆ. ಪ್ರತಿಯೊಬ್ಬರಿಗೂ ಪ್ಲೈವುಡ್ ಗೋಡೆಯ ಗೂಡು, ಕಿವಿಗೆ ಇಯರ್‌ಫೋನ್. ಪಕ್ಕದ ಗೂಡಿನ ಹುಡುಗಿಯ ಮುಖ ನಾನು ತಿಂಗಳಲ್ಲಿ ನೋಡಿದ್ದು ಎರಡೇ ಸಲ. ಪೀಜಿಯಲ್ಲಿ ಇದ್ದಷ್ಟೇ ಒಂಟಿ.

ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಶುರುವಾದ ಶನಿವಾರದ ಮೌನ ಓದು ಈಗ ಪುಣೆ, ಮುಂಬೈಗೂ ಬಂದಿದೆ. ಅವರವರ ಚಾಪೆ, ಅವರವರ ಪುಸ್ತಕ. ಅಲ್ಲೂ ಮಾತಿಲ್ಲ, ಆದರೆ ಎದುರಿಗೆ ಮುಖಗಳು ಕಾಣ್ತವೆ, ಮುಗಿದ ಮೇಲೆ ಒಬ್ಬರು ಬಾಟಲಿಯಿಂದ ನೀರು ಕೊಡ್ತಾರೆ. ನಾನು ನಾಲ್ಕು ವಾರ ಹೋದೆ, ಐದನೇ ವಾರ ಒಬ್ಬಳು ಗೆಳತಿಯಾದಳು. ಮಳೆಗಾಲದಲ್ಲಿ ಪಾರ್ಕು ಕೆಸರು. ಆಗ ಸೂರು ಬೇಕು. ಸಂಘದ ಹಾಲ್ ನೆನಪಾಗಿದ್ದು ಆವಾಗಲೇ.

ಫೋರ್ಟ್ ಕಚೇರಿ · ಸೋಮವಾರ ಮಧ್ಯಾಹ್ನ

ಗೂಡು ಮತ್ತು ಮುಖದ ಮಾತು ನೂರಕ್ಕೆ ನೂರು ಸರಿ. ಮುಂಬೈಯ ಕಾಲಾ ಘೋಡಾದ ಡೇವಿಡ್ ಸಸೂನ್ ಗ್ರಂಥಾಲಯ ನೋಡಿ, 1870ರ ಕಟ್ಟಡ. ಮೇಲಿನ ವರಾಂಡದಲ್ಲಿ ಉದ್ದ ಕೈಗಳ ಆರಾಮ ಕುರ್ಚಿ ಸಾಲಾಗಿವೆ. ಹಿಂದೆ ತೋಟ. ಎದೆಯ ಮೇಲೆ ಪೇಪರು ಹರವಿಕೊಂಡು ನಿದ್ದೆ ಹೋದ ಅಜ್ಜಂದಿರನ್ನು ನಾನೇ ಕಂಡಿದ್ದೇನೆ. ನಿದ್ದೆ ಬರುವಷ್ಟು ನಿಶ್ಚಿಂತೆ ಇನ್ನೆಲ್ಲಿ ಸಿಗುತ್ತದೆ ಈ ಊರಲ್ಲಿ?

ಸಮಿತಿ ಸದಸ್ಯ, ನವಿ ಮುಂಬೈ · ಸೋಮವಾರ ಸಂಜೆ

ನಾನು ಬೇರೊಂದು ಸಂಘದ ಸಮಿತಿಯಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ಬೀಗದ ಪಕ್ಷ ವಹಿಸಿ ಎರಡು ಮಾತು ಹೇಳಲೇಬೇಕು.

ನಮ್ಮಲ್ಲೂ ಕಪಾಟು ತೆರೆದೇ ಇಟ್ಟಿದ್ದೆವು. ಎರಡು ವರ್ಷದಲ್ಲಿ ನೂರಕ್ಕೂ ಹೆಚ್ಚು ಪುಸ್ತಕ ಹೋದವು, ಅದರಲ್ಲಿ ಮತ್ತೆ ಅಚ್ಚಾಗದವೂ ಇದ್ದವು. ಕರೆಂಟು ಬಿಲ್ಲು, ಸೊಸೈಟಿಯ ಮೇಂಟೆನೆನ್ಸು, ಬಾಗಿಲು ತೆಗೆಯುವವನ ಸಂಬಳ, ಎಲ್ಲ ಹಾಲ್ ಬಾಡಿಗೆಯಿಂದಲೇ ಬರಬೇಕು. ಶನಿವಾರ ಭಾನುವಾರ ಹಾಲ್ ಕೊಡದಿದ್ದರೆ ಸಂಘವೇ ನಡೆಯುವುದಿಲ್ಲ. ಸಮಿತಿಯವರೆಲ್ಲ ದುಡಿದು ದಣಿದು ಬಂದು ಬಿಟ್ಟಿ ಕೆಲಸ ಮಾಡುವವರು. ಮತ್ತೆ, ತೆರೆದಿಟ್ಟ ದಿನ ಬಂದವರು ಐದು ಜನ. ಆ ಐದರಲ್ಲಿ ಮೂವರು ಸಮಿತಿಯವರೇ.

ತಂಗಿಯ ಬರಹ ಓದಿ ಸಂಕಟವಾಗಿದೆ. ದಾರಿ ಇದ್ದರೆ ಹೇಳಿ, ನಾಳೆಯೇ ಸಭೆಯಲ್ಲಿ ಇಡುತ್ತೇನೆ.

ನಿವೃತ್ತ ಗ್ರಂಥಪಾಲಕಿ, ಪಣಜಿ · ಸೋಮವಾರ ರಾತ್ರಿ

ಮೂವತ್ತು ವರ್ಷ ಇದೇ ಕೆಲಸ ಮಾಡಿದವಳು, ಮೂಲತಃ ಕಾರವಾರದವಳು.

ನಮ್ಮ ವೃತ್ತಿಯ ಹಿರಿಯರು ಎಸ್. ಆರ್. ರಂಗನಾಥನ್, ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದವರು. 1931ರಲ್ಲಿ ಅವರು ಬರೆದ ಐದು ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕ ಇರುವುದು ಬಳಕೆಗೆ ಎಂದು. ಅದನ್ನು ವಿವರಿಸುವಾಗ ಹಿಂದೆ ಯುರೋಪಿನಲ್ಲಿ ಪುಸ್ತಕಗಳನ್ನು ಕಪಾಟಿಗೆ ಸರಪಳಿಯಿಂದ ಕಟ್ಟಿಡುತ್ತಿದ್ದ ಕಥೆ ಹೇಳುತ್ತಾರೆ. ಅಪರೂಪದ ಪುಸ್ತಕಕ್ಕೆ ಬೀಗ ಇರಲಿ, ಬೇಡ ಅನ್ನುವುದಿಲ್ಲ. ಎಂಟು ಕಪಾಟಿನಲ್ಲಿ ಒಂದಕ್ಕೆ ಹಾಕಿ. ಮಿಕ್ಕ ಏಳರಲ್ಲಿ ಕಥೆ, ಕಾದಂಬರಿ, ವಾರಪತ್ರಿಕೆ ಇಡಿ. ಹೋದರೆ ಹೋಗಲಿ. ಹೋದ ಪುಸ್ತಕವನ್ನು ಎಲ್ಲೋ ಯಾರೋ ಓದುತ್ತಿದ್ದಾರೆ. ಬೀಗದೊಳಗಿನದನ್ನು ಗೆದ್ದಲು ಓದುತ್ತದೆ.

ದುಡ್ಡಿನ ವಿಷಯ ಸಮಿತಿಯವರು ಹೇಳಿದ್ದು ನಿಜ. ಇದಕ್ಕೆ ಕಾನೂನಿನ ಹಿನ್ನೆಲೆಯೂ ಇದೆ. ಕರ್ನಾಟಕದ 1965ರ ಕಾಯ್ದೆಯಲ್ಲಿ ಮನೆ ಕಂದಾಯದ ಜೊತೆ ಗ್ರಂಥಾಲಯ ಕರ ಸೇರಿಯೇ ಬರುತ್ತದೆ. ಮಹಾರಾಷ್ಟ್ರದ 1967ರ ಕಾಯ್ದೆಯಲ್ಲಿ ಅಂಥ ಕರವಿಲ್ಲ. ಊರವರೇ ಕಟ್ಟಿಕೊಂಡ ಸಂಸ್ಥೆಗಳಿಗೆ ಸರಕಾರ ಅನುದಾನ ಕೊಡುತ್ತದೆ, ಅ, ಬ, ಕ, ಡ ಎಂದು ದರ್ಜೆ ಮಾಡಿ. ಅಲ್ಲಿ ಇಂಥ ಗ್ರಂಥಾಲಯಗಳು 11 ಸಾವಿರಕ್ಕೂ ಹೆಚ್ಚು. ನಮ್ಮ ಗೋವಾದ 1993ರ ಕಾಯ್ದೆಯಲ್ಲಿ ಮದ್ಯದ ಮೇಲಿನ ಕರದಿಂದ ಪುಸ್ತಕಕ್ಕೆ ದುಡ್ಡು. ಆದ್ದರಿಂದ ನವಿ ಮುಂಬೈಯವರೇ, ನಿಮ್ಮ ವಾಚನಾಲಯಕ್ಕೆ ಮಾನ್ಯತೆ ಸಿಗುತ್ತದೆಯೇ ಎಂದು ಜಿಲ್ಲಾ ಗ್ರಂಥಾಲಯ ಅಧಿಕಾರಿಯ ಕಚೇರಿಯಲ್ಲಿ ವಿಚಾರಿಸಿ. ಹಾಜರಿ ಪುಸ್ತಕ, ಪುಸ್ತಕಗಳ ದಾಖಲೆ, ಲೆಕ್ಕ ಸರಿಯಾಗಿ ಇಟ್ಟಿರಬೇಕು.

ಪಣಜಿಯ ಕೇಂದ್ರ ಗ್ರಂಥಾಲಯ 1832ರದ್ದು, ಪೋರ್ಚುಗೀಸರ ಕಾಲದ್ದು. ಈಗ ಪಾಟ್ಟೊದಲ್ಲಿ ದೊಡ್ಡ ಕಟ್ಟಡ, ಗೋವಾದ ಹಳೆಯ ಕಾಲದ ಲೇಖಕ ಕೃಷ್ಣದಾಸ ಶಾಮಾ ಅವರ ಹೆಸರು. ಮಕ್ಕಳ ವಿಭಾಗ ಬೇರೆ ಇದೆ, ಕಣ್ಣು ಕಾಣದವರಿಗೆ ಬ್ರೈಲ್ ಇದೆ. ಆದರೆ ದೊಡ್ಡ ಕಟ್ಟಡವೇ ಬೇಕೆಂದಿಲ್ಲ. ಪಂಚಗಣಿ ಹತ್ತಿರದ ಭಿಲಾರ್ ಊರಿನಲ್ಲಿ 2017ರಿಂದ ಮನೆಯ ಜಗುಲಿ, ಕೋಣೆ, ಗುಡಿಗಳಲ್ಲೇ ಪುಸ್ತಕ ಇಟ್ಟು ಬಂದವರನ್ನು ಕೂರಿಸುತ್ತಾರೆ. ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ 2018ರಲ್ಲಿ ತೆರೆದ ಓಡಿ ಎಂಬ ಗ್ರಂಥಾಲಯದಲ್ಲಿ ಹೊಲಿಗೆ ಯಂತ್ರವೂ ಉಂಟು, ಯಾರು ಬೇಕಾದರೂ ಹೊಲಿದುಕೊಳ್ಳಬಹುದು.

ಐದು ಜನ ಬಂದರು ಅಂದಿರಿ. ಎಷ್ಟು ವಾರ ತೆರೆದಿಟ್ಟಿರಿ? ಜನರಿಗೆ ರೂಢಿಯಾಗಲು ಮಳೆಗಾಲ ಒಂದು, ಬೇಸಿಗೆ ಒಂದು ದಾಟಬೇಕು. ಹೋದಾಗ ಒಂದು ಸಲ ಬಾಗಿಲು ಮುಚ್ಚಿದ್ದರೆ ವಯಸ್ಸಾದವರು ಮತ್ತೆ ಬರುವುದಿಲ್ಲ. ವಾರಕ್ಕೆ ಒಂದೇ ದಿನ ಇರಲಿ, ತಪ್ಪಬಾರದು.

ವಾಸ್ಕೋ ಗೌಂಡಿ · ಮಂಗಳವಾರ ರಾತ್ರಿ

ನಾ ಬಾಗಲಕೋಟಿ ಕಡೆಯಾವ. ವಾಸ್ಕೋಕ್ಕ ಬಂದು ಹದಿನೆಂಟು ವರ್ಷ ಆತು, ಗೌಂಡಿ ಕೆಲಸ. ಏಳನೇತ್ತಾ ತನಕ ಓದೇನಿ. ತಪ್ಪಿದ್ರ ತಿದ್ದಿ ಓದ್ರಿ.

ಅಕ್ಕಾರ, ನಿಮ್ಮ ಅಪ್ಪಾರ ಪೇಪರ್ ಓದಿದ್ದು ಕೇಳಿ ನಮ್ಮ ಖೋಲಿ ನೆನಪಾತು. ನಾವೂ ಊರಿಂದ ಬಂದ ಪೇಪರ್ ಬಿಡಂಗಿಲ್ಲ. ಐತಾರ ಕೆಲಸ ಇರಂಗಿಲ್ಲ. ಹತ್ತು ಬೈ ಹತ್ತರ ಖೋಲಿಯೊಳಗ ಆರು ಮಂದಿ, ಹೊರಗ ಹೋದ್ರ ಬಾರ್ ಒಂದ ತೆರದಿರ್ತೈತಿ. ಹೋಗಾಕ ಬ್ಯಾರೆ ಜಾಗಾ ಇಲ್ಲ ಅಂತ ಅಲ್ಲಿಗೆ ಹೋದ ಹುಡುಗರನ್ನ ನಾ ಬಾಳ ನೋಡೇನಿ. ಒಂದು ಸಲ ಒಂದು ದೊಡ್ಡ ಲೈಬ್ರರಿ ಗೇಟ್ ತನಕ ಹೋಗಿದ್ನಿ. ಚಪ್ಪಲಿಗೆ ಸಿಮೆಂಟ್ ಹತ್ತಿತ್ತು. ಒಳಗ ನೆಲ ಪಳಪಳ ಅಂತಿತ್ತು. ಯಾರೂ ಬ್ಯಾಡ ಅನ್ನಲಿಲ್ಲ, ಖರೇ ಹೇಳ್ತೀನಿ. ಆದ್ರ ಬಾ ಅಂತನೂ ಯಾರೂ ಅನ್ನಲಿಲ್ಲ. ತಿರುಗಿ ಬಂದ್ನಿ.

ನೀವು ಬಾಗಲಾ ತೆರದು ಇಟ್ರ ಸಾಲಂಗಿಲ್ರಿ. ಬಾಗಲದಾಗ ಒಬ್ರು ನಿಂತು "ಬರ್ರಿ, ಕುಂದರ್ರಿ" ಅನ್ನಬೇಕು. ನಮ್ಮಂಥಾವ್ರು ಅದ ಒಂದ ಮಾತಿಗೆ ಕಾಯ್ತಿರ್ತೀವಿ.

ಡೊಂಬಿವಲಿ ಅತ್ತೆ · ಬುಧವಾರ ಮಧ್ಯಾಹ್ನ

ವಾಸ್ಕೋದ ತಮ್ಮ ಬರೆದದ್ದನ್ನ ನಮ್ಮ ಮಹಿಳಾ ವಿಭಾಗದ ವಾಟ್ಸಾಪಿಗೆ ಹಾಕಿದ್ದೀನಿ. ತಪ್ಪೇನೂ ಇಲ್ಲ ಅದರಲ್ಲಿ, ತಿದ್ದೋದಂತೂ ಬೇಡವೇ ಬೇಡ.

ಹೆಂಗಸರ ಮಾತನ್ನ ಯಾರೂ ಎತ್ತಲಿಲ್ಲ. ಎರಡು ಗಂಟೆಯಿಂದ ನಾಲ್ಕರವರೆಗೆ ನಮಗೆ ಬಿಡುವು, ಆಗ ಎಲ್ಲ ವಾಚನಾಲಯಗಳಿಗೂ ಊಟದ ವಿರಾಮ. ಇನ್ನೊಂದು, ಶೌಚಾಲಯ. ಮಂಡಿನೋವಿನ, ಸಕ್ಕರೆ ಕಾಯಿಲೆಯ ಹೆಂಗಸು ಶೌಚಾಲಯ ಇಲ್ಲದ ಕಡೆ ಅರ್ಧ ಗಂಟೆಗಿಂತ ಹೆಚ್ಚು ಕೂರಲ್ಲ. ಪುಸ್ತಕ ಕೊಳ್ಳೋ ಮುಂಚೆ ಶೌಚಾಲಯದ ಚಿಲಕ ಸರಿ ಮಾಡಿಸಿ.

ಹೊಲಿಗೆ ಯಂತ್ರದ ಮಾತು ನನಗೆ ತುಂಬ ಹಿಡಿಸಿತು. ಕೈಯಲ್ಲಿ ಕೆಲಸ ಇದ್ದರೆ ಬಾಯಿಗೆ ಮಾತು ತಾನಾಗೇ ಬರುತ್ತೆ, ಅವರೆಕಾಳು ಹಿದುಕೋವಾಗ ಅಕ್ಕಪಕ್ಕದವರ ಕಷ್ಟಸುಖ ಎಲ್ಲ ಹೊರಬರಲ್ವೇ, ಹಾಗೆ. "ಬನ್ನಿ, ನಿಮ್ಮ ಒಂಟಿತನ ಹೋಗಲಾಡಿಸ್ತೀವಿ" ಅಂದ್ರೆ ಯಾರು ಬರ್ತಾರೆ? "ಹರಿದ ಪುಸ್ತಕಕ್ಕೆ ಅಂಟು ಹಚ್ಚಬೇಕು, ಬನ್ನಿ" ಅಂದ್ರೆ ಬರ್ತಾರೆ. ನನ್ನ ಮೊಮ್ಮಗನಿಗೆ ಕನ್ನಡ ಮಾತು ಬರುತ್ತೆ, ಅಕ್ಷರ ಬರಲ್ಲ. ಗದಗದ ಅಪ್ಪಾಜಿಯವರಿಗೆ ಅಕ್ಷರ ಇದೆ, ಮಾತಿಗೆ ಜನ ಇಲ್ಲ. ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸಿ ನೋಡಿ.

ಸಮಿತಿ ಸದಸ್ಯ, ನವಿ ಮುಂಬೈ · ಗುರುವಾರ ರಾತ್ರಿ

ಸಭೆ ಆಯಿತು. ಒಂದೂವರೆ ಗಂಟೆ ಜಗ್ಗಾಡಿದೆವು. ಬುಧವಾರ ಹಾಲ್ ಬಾಡಿಗೆಗೆ ಯಾರೂ ಕೇಳುವುದಿಲ್ಲ, ಹಾಗಾಗಿ ಬುಧವಾರ ಎರಡರಿಂದ ಏಳರವರೆಗೆ, ಆರು ತಿಂಗಳ ಮಟ್ಟಿಗೆ. ಪಣಜಿಯ ಅಮ್ಮ ಹೇಳಿದಂತೆ ಒಂದೇ ಕಪಾಟಿಗೆ ಬೀಗ. ಚಿಲಕ ಸರಿ ಮಾಡಲು ಬಡಗಿಗೆ ಹೇಳಿದ್ದೇನೆ.

ಗದಗದ ಮಗಳು, ಥಾಣೆ · ಏಳು ವಾರಗಳ ನಂತರ, ಭಾನುವಾರ

ಇಷ್ಟು ದಿನ ಉತ್ತರ ಕೊಡದೇ ಇದ್ದಿದ್ದಕ್ಕೆ ಕ್ಷಮಿಸಿ. ಹೇಳೋಕೆ ಏನಾದರೂ ಆಗಲಿ ಅಂತ ಕಾದೆ.

ಈ ಮಾತುಗಳನ್ನೆಲ್ಲ ಪ್ರಿಂಟ್ ತೆಗೆದು, ನಾವು ಮೊದಲು ಹೋಗಿದ್ದ ಸಂಘದ ಕಾರ್ಯದರ್ಶಿಗಳಿಗೆ ಕೊಟ್ಟೆ. ಅವರು ಪೂರ್ತಿ ಓದಿ ಕನ್ನಡಕ ತೆಗೆದಿಟ್ಟು, "ಕೀಲಿ ಅಪ್ಪಾಜಿಯವರ ಹತ್ತಿರಾನೇ ಇರಲಿ" ಅಂದರು. ಈಗ ಶನಿವಾರ ನಾಲ್ಕರಿಂದ ಏಳು. ಅಪ್ಪ ಮೂರೂವರೆಗೇ ಹೋಗಿ ಕುರ್ಚಿಯ ಹಗ್ಗ ಬಿಚ್ಚಿ, ಒದ್ದೆ ಬಟ್ಟೆಯಿಂದ ಒರೆಸಿ, ಎದುರುಬದುರಾಗಿ ಹಾಕ್ತಾರೆ. ಬಾಗಿಲಲ್ಲಿ ನಿಂತು ಬಂದವರಿಗೆಲ್ಲ "ಬರ್ರಿ, ಕುಂದರ್ರಿ" ಅಂತಾರೆ. ವಾಸ್ಕೋದ ಅಣ್ಣ, ಆ ಮಾತು ನಿಮ್ಮದೇ ಅಂತ ಅವರಿಗೆ ಗೊತ್ತು.

ಮೊದಲ ಶನಿವಾರ ನಾಲ್ಕು ಜನ, ಎರಡನೇದು ಜೋರು ಮಳೆ, ಒಬ್ಬರೇ. ಅಪ್ಪ ಅವತ್ತೂ ಏಳರವರೆಗೆ ಕೂತಿದ್ದರು. ನಿನ್ನೆ ಹದಿನೇಳು. ಅದರಲ್ಲಿ ಆರು ಮಕ್ಕಳು. ಅಪ್ಪ ರಿಜಿಸ್ಟರು ಇಟ್ಟಿದ್ದಾರೆ, ಕಚೇರಿಯಲ್ಲಿ ಬರೀತಿದ್ದ ಅದೇ ದುಂಡು ಅಕ್ಷರ. ಹೆಸರು, ಪುಸ್ತಕ, ಒಯ್ದ ದಿನ, ವಾಪಸು ತಂದ ದಿನ, ಆಮೇಲೆ ತಾವೇ ಸ್ಕೇಲಿನಿಂದ ಗೆರೆ ಎಳೆದು ಸೇರಿಸಿದ ಇನ್ನೊಂದು ಕಾಲಂ: 'ಎರಡು ವಾರ ಬಂದಿಲ್ಲ'. ಮಾಟುಂಗಾದ ಅಣ್ಣನವರ ಮಾಸ್ತರ ಕಥೆ ಓದಿ ಹೇಳಿದ ದಿನವೇ ಆ ಗೆರೆ ಎಳೆದದ್ದು.

ಕಳೆದ ವಾರ ಆ ಕಾಲಂನಲ್ಲಿ ಒಬ್ಬರ ಹೆಸರು ಬಿತ್ತು, ವಿಜಯಪುರದ ಕಡೆಯವರು, ಒಬ್ಬರೇ ಇರೋದು. ಅಪ್ಪ ಫೋನ್ ಮಾಡಿದರೆ ಕಾಲು ಉಳುಕಿ ಮಲಗಿದ್ದರಂತೆ. ಅಪ್ಪ ಆಟೋ ಮಾಡಿಕೊಂಡು ಎರಡು ಪುಸ್ತಕ, ಒಂದು ಡಬ್ಬಿ ಜುಣಕ ಕೊಟ್ಟು ಬಂದರು. ಥಾಣೆಗೆ ಬಂದ ಮೇಲೆ ಅವರು ಒಬ್ಬರೇ ಆಟೋ ಹತ್ತಿದ್ದು ಅದೇ ಮೊದಲು. ಹಿಂದಿಯಲ್ಲಿ ಮೀಟರ್ ಹಾಕು ಅಂದರಂತೆ!

ಮಾಟುಂಗಾ ಹಳಬ · ಭಾನುವಾರ ರಾತ್ರಿ

ಬರುವ ಶನಿವಾರ ನಾನೂ ಬರುತ್ತೇನೆ. ಕಣ್ಣಿನ ಆಪರೇಷನ್ ಆಗಿದೆ, ಟ್ಯೂಬ್‌ಲೈಟಿನ ಕೆಳಗಿನ ಕುರ್ಚಿಯೊಂದು ಹಿಡಿದಿಡಲಿಕ್ಕೆ ಅಪ್ಪನವರಿಗೆ ಹೇಳು ತಂಗಿ.

ಗದಗದ ಮಗಳು, ಥಾಣೆ · ಭಾನುವಾರ ರಾತ್ರಿ

ಹೇಳಿದೆ ಅಣ್ಣ. ರಿಜಿಸ್ಟರಿನಲ್ಲಿ ನಿಮಗೆ ಅಂತ ಒಂದು ಸಾಲು ಬಿಟ್ಟಿದ್ದಾರೆ. ನಾಲ್ಕಕ್ಕೆ ಬಾಗಿಲು ತೆಗೀತಾರೆ, ಬೇಗ ಬಂದರೂ ಅವರು ಅಲ್ಲೇ ಇರ್ತಾರೆ.